ಕಪಿಲ ಹಚ್ಚುವ ದೀಪ

ಬೀದರ ಕಡೆಯ ಕಪಿಲನಿಗೆ ಬಂದ ಎರಡು ಸಂಬಂಧಗಳು ಮುರಿದದ್ದು ಅವನು ನಿಜ ಹೇಳಿದ್ದರಿಂದ. ತಮಿಳುನಾಡಿನ ತುದಿಯಲ್ಲಿ, ಬರೀ ಬಂಡೆಗಳೇ ತುಂಬಿದ ಜಲಸಂಧಿಯೊಂದರ ದಡದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭವಿದೆ; ಅಲ್ಲಿ ಅವನಿಗೆ ಸರ್ಕಾರಿ ನೌಕರಿ. ದೀಪ ಈಗ ಕತ್ತಲಾದೊಡನೆ ತಾನೇ ಹೊತ್ತುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಕಪಿಲ ಗಾಜು ಒರೆಸುತ್ತಾನೆ, ನೋಡಲು ಬಂದವರಿಗೆ ಟಿಕೆಟು ಹರಿದು ಕೊಡುತ್ತಾನೆ. ಔರಾದಿನ ಹೆಣ್ಣಿನ ಮನೆಯವರು ಇದನ್ನು ಕೇಳಿ, "ದೀಪ ತಾನೇ ಹತ್ತಿದ್ರ ನೀವು ಯಾಕ ಬೇಕ್ರಿ?" ಎಂದು ಚಹಾ ಕುಡಿಸಿ ಕಳಿಸಿದ್ದರು. ಠಾಣಾ ಕುಶನೂರಿನವರು ಚಹಾವನ್ನೂ ಕೊಡಲಿಲ್ಲ.

ಹೀಗಾಗಿ ಹಲಬರ್ಗಾಕ್ಕೆ ಮಂಜಿರಿಯನ್ನು ನೋಡಲು ಹೊರಟಾಗ, ಈ ಸಲ ಸುಳ್ಳೇ ಗತಿ ಎಂದು ಅವನು ನಿಶ್ಚಯಿಸಿದ. ನಿಜ ಬಾಯಿಬಿಡಬಾರದೆಂದು ಅವ್ವನಿಂದಲೂ ಆಣೆ ಹಾಕಿಸಿಕೊಂಡ. ಮಂಜಿರಿಯ ಫೋಟೋ ನೋಡಿದಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಇದೂ ತಪ್ಪಿದರೆ ಜನ್ಮವಿಡೀ ಆ ಬಂಡೆಯ ಮೇಲೆ ಒಬ್ಬನೇ ಇರಬೇಕಲ್ಲ ಎಂದು ಭಯವಾಗಿತ್ತು. ಕಾರು ನಡೆಸಲು ಚಿಕ್ಕಮ್ಮನ ಮಗ ಆಶೀಷ ಬಂದ. ಅವನದು ಭಾಲ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ, ಮನಸ್ಸಾದಾಗ ಮಾತ್ರ ತೆರೆಯುವಂಥದ್ದು.

ಹುಡುಗಿಯ ತಂದೆ ಭಾಲಚಂದ್ರರಾಯರು ಚುರುಮುರಿ ಸುಸಲಾದ ತಟ್ಟೆ ಮುಂದಿಟ್ಟು ಕೇಳಿದರು: "ಕೆಲಸ ಏನ್ರಿ ನಿಮ್ಮದು?"

"ಸಮುದ್ರದಾಗ ದೀಪ ಹಚ್ಚೋದ್ರಿ. ನಾ ಹಚ್ಚಲಿಲ್ಲಂದ್ರ ಹಡಗ ಕಲ್ಲಿಗಿ ಬಡದು ಮುಳುಗ್ತಾವ."

"ಬ್ಯಾರೆ ಯಾರೂ ಇಲ್ಲೇನ್ರಿ?"

"ಇದ್ದಾರ್ರಿ. ಆದ್ರ ಅದು ಹಳೀ ದೀಪ, ನನ್ನ ಬಿಟ್ಟು ಯಾರ ಕೈಗೂ ಹತ್ತಲ್ಲ."

ರಾಯರ ಮುಖ ಅರಳಿತು. ಅವ್ವ ಹಿಗ್ಗಿ ಹೀರೇಕಾಯಿಯಾದಳು. ಆಗ ಕರೆಯದೆಯೇ ಬಂದು ಕುಳಿತಿದ್ದ ಪಕ್ಕದ ಮನೆಯ ಅಂಬೂಬಾಯಿ ಬಾಯಿ ಹಾಕಿದಳು.

"ಅಲ್ರೀ, ನೀವು ಇಲ್ಲಿ ಕುಂತೀರಿ. ಹಂಗಾದ್ರ ಅಲ್ಲಿ ದೀಪ ಯಾರು ಹಚ್ಚತಾರ?"

ಕಪಿಲನ ಕೈಯಲ್ಲಿದ್ದ ಸುಸಲಾ ಬಾಯಿ ತಲುಪಲಿಲ್ಲ. "ರಜಾ ಹಾಕೇನ್ರಿ," ಎಂದ.

"ಹಡಗಿಗಿ ರಜಾ ಅದ ಏನ್ರಿ?"

"ಫೋನಿನ್ಯಾಗ ಹೇಳಿಕೊಟ್ಟೇನ್ರಿ ಅವರಿಗಿ..."

"ಯಾರ ಕೈಗೂ ಹತ್ತಲ್ಲ ಅಂದ್ರಿ ಈಗ?"

ರಾಯರು ದಿಗ್ಗನೆ ಎದ್ದರು. "ಬಂದು ಎಷ್ಟು ದಿನ ಆತ್ರಿ?"

"ನಾಕು ದಿನ."

"ಪಾಂಡುರಂಗಾ! ನಾಕು ರಾತ್ರಿ ಕತ್ತಲಿ!"

ಅಂಬೂಬಾಯಿ ಓಣಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಳು. ಹಲಬರ್ಗಾದಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ, ಆದರೆ ಮುಳುಗುವವರ ಮೇಲೆ ಎಲ್ಲರಿಗೂ ಕರುಣೆ ಉಕ್ಕಿತು. ಒಬ್ಬ ಕಪಿಲನ ಚಪ್ಪಲಿ ತಂದ, ಇನ್ನೊಬ್ಬ ರಟ್ಟೆ ಹಿಡಿದ. ಬೀದರಿಗೆ ಹೋಗುವ ಬಸ್ಸು ಊರ ಸ್ಟ್ಯಾಂಡಿನಲ್ಲಿ ನಿಂತಿತ್ತು.

"ಕನ್ಯಾ ಇನ್ನಾ ನೋಡಿಲ್ರೀ!" ಕಪಿಲ ಅಂಗಲಾಚಿದ.

"ಆಕಿ ಎಲ್ಲಿ ಹೋಗ್ತಾಳ್ರಿ? ಮೊದಲ ಹಡಗ ನೋಡ್ರಿ," ಎಂದರು ರಾಯರು.

ಆಣೆಗೆ ಕಟ್ಟುಬಿದ್ದ ಅವ್ವ ತುಟಿ ಎರಡು ಮಾಡಲಿಲ್ಲ. ಎರಡನೆಯ ತಟ್ಟೆ ಸುಸಲಾ ಹಿಡಿದಿದ್ದ ಆಶೀಷ ಅವ್ವನತ್ತ ತೋರಿಸಿ, "ನೀ ನಡಿಯಣ್ಣಾ, ಮೌಶಿನ್ನ ನಾ ಕರಕೊಂಡು ಬರ್ತೇನಿ," ಎಂದು ಧೈರ್ಯ ಹೇಳಿದ.

ಬಸ್ಸಿನ ಮೆಟ್ಟಿಲ ಮೇಲೆ ಕಪಿಲನ ತಾಳ್ಮೆ ಕೆಟ್ಟಿತು. "ದೀಪ ತಾನೇ ಹತ್ತತದ್ರೀ! ಮಶೀನಿಂದು! ನಾ ಬರೇ ಗಾಜು ಒರಸ್ತೇನಿ!" ಎಂದು ಕೂಗಿದ.

ರಾಯರ ಕಣ್ಣಲ್ಲಿ ನೀರಾಡಿತು. "ನೋಡ್ರಿ, ನಮ್ಮ ಹುಡುಗಿ ಸಲುವಾಗಿ ಸುಳ್ಳು ಸೈತ ಹೇಳ್ತಾನ," ಎಂದು ತಾವೇ ಬಾಗಿಲು ಎಳೆದು ಹಾಕಿದರು.

ಸಂಜೆ ಬೀದರ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಅವ್ವನ ಫೋನು ಬಂತು.

"ಕಪಿಲಾ, ಮಂಜಿರಿ ಸಂಬಂಧ ಪಕ್ಕಾ ಆತು!"

ಕಪಿಲ ಎದ್ದೇ ನಿಂತ. "ಖರೇ ಏನವ್ವಾ?"

"ಖರೇ. ನಮ್ಮ ಆಶೀಷಗ. ಅಂಗಡಿ ತಿಂಗಳಗಟ್ಟಲೆ ಮುಚ್ಚಿದ್ರೂ ಯಾರೂ ಮುಳುಗಲ್ಲ, ಮಗಳು ಆರಾಮ ಇರ್ತಾಳ ಅಂದ್ರು ರಾಯರು."

ಕಪಿಲ ಮೆಲ್ಲನೆ ಕುಳಿತ. "ಲಗ್ನ ಯಾವಾಗ?"

"ಮುಂದಿನ ತಿಂಗಳ. ಆದ್ರ ನೀ ಬರಬ್ಯಾಡಪ್ಪಾ. ರಾಯರು ಕೈ ಮುಗದು ಹೇಳ್ಯಾರ, ಮಗಳ ಲಗ್ನದಾಗ ಒಂದ ಹಡಗೂ ಮುಳುಗಬಾರದಂತ."