ಆರನೇ ಚೀಲದ ಕೆಮ್ಮಣ್ಣು

ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋದದ್ದೇ ಎಲ್ಲದಕ್ಕೂ ಮೂಲವಾಯಿತು. ಹೊಸಪೇಟೆಯ ಓಣಿಯೊಂದರ ಬಾಡಿಗೆ ಮನೆಯಲ್ಲಿದ್ದ ಪುಟ್ಟ ಲ್ಯಾಬಿನಲ್ಲಿ ಅದಿರನ್ನು ಒಣಗಿಸಿ, ಮೈದಾದಷ್ಟು ನುಣ್ಣಗೆ ಅರೆದು, ನಂಬರು ಬರೆದು ಪರೀಕ್ಷೆಗೆ ಕೊಡುವುದು ಸಿದ್ದಲಿಂಗೇಶನ ಕೆಲಸ. ಹೋದ ವಾರವಷ್ಟೇ ಎರಡು ಚೀಲದ ಪುಡಿಯನ್ನು ಒಂದರೊಳಗೊಂದು ಬೆರೆಸಿಬಿಟ್ಟಿದ್ದ. "ಇನ್ನೊಂದು ಸಲ ಹಿಂಗಾದ್ರ ನಿಮ್ಮನ್ನ ಮನಿಗೆ ಕಳಸ್ತೀನಿ" ಎಂದು ಲ್ಯಾಬಿನ ಒಡತಿ ನೀರಜಾ ಮೇಡಂ ಎಚ್ಚರಿಸಿದ್ದರು.

ಇವತ್ತು ಸಂಡೂರಿನ ಗುಡ್ಡದಿಂದ ಬಂದ ಆರನೇ ಚೀಲದ ಕೆಂಪು ಪುಡಿ ಅದಿರು ತೊಯ್ದು ತೊಪ್ಪೆಯಾಗಿತ್ತು. ಕರೆಂಟಿಲ್ಲದೆ ಓವನ್ ಸತ್ತಿತ್ತು. ಸಿದ್ದಲಿಂಗೇಶ ಅದನ್ನು ತಟ್ಟೆಗೆ ಸುರುವಿ, ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಮಂಡಕ್ಕಿ ಮಿರ್ಚಿ ತಿನ್ನಲು ಹೋದ.

ಬಂದಾಗ ತಟ್ಟೆ ಖಾಲಿ. ಎದುರು ಮನೆಯ ಚೆನ್ನಬಸಮ್ಮನ ಹೊಸ್ತಿಲು ಮದುಮಗಳ ಪಾದದಂತೆ ಕೆಂಪಗೆ ಹೊಳೆಯುತ್ತಿತ್ತು.

"ಯಮ್ಮಾ, ಅದು ನಂದು!"

"ನಿಂದಾ? ಬೇಕಾದೋರು ತಗೊಳ್ಳಲಿ ಅಂತ ಇಟ್ಟಾರ ಅಂದ್ಕೊಂಡೆ. ಭಾಳ ಛಲೋ ಕೆಮ್ಮಣ್ಣು ಬಿಡಪ್ಪ. ಉಳಿದಿದ್ದು ಪಾಲಯ್ಯಗ, ರೇಣುಕಾದೇವಿಗೆ ಕೊಟ್ಟೆ."

ಸಿದ್ದಲಿಂಗೇಶ ಅಳುಮೋರೆ ಮಾಡಿಕೊಂಡು ಹಲ್ಲುಜ್ಜುವ ಬ್ರಶ್ಶಿನಿಂದ ಹೊಸ್ತಿಲು ಕೆರೆಯತೊಡಗಿದ. ಪಕ್ಕದ ಮನೆಯ ಪಾಲಯ್ಯ ಬಂದು ಬಗ್ಗಿ ನೋಡಿದ.

"ಲೇ ಸಿದ್ದೂ, ಮಣ್ಣಿಗ್ಯಾಕ ಅಳಾಕತ್ತಿ? ಬಂಗಾರ ಐತೇನು ಅದ್ರಾಗ?"

"ಬರೀ ಕಬ್ಬಿಣದ ಅದಿರು ಕಾಕಾ!"

"ಕಬ್ಬಿಣಕ್ಕ ಯಾರರ ಬ್ರಶ್ ಹಿಡಕೊಂಡು ಕುಂದರ್ತಾರೇನು?"

ಅಷ್ಟೇ ಸಾಕಾಯಿತು. ಪಾಲಯ್ಯ ತನ್ನ ಪಾಲನ್ನು ಬೀರುವಿನಲ್ಲಿಟ್ಟು ಬೀಗ ಜಡಿದ. ಆಚೆ ಮನೆಯ ರೇಣುಕಾದೇವಿ ತನ್ನದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸಿದ್ದಲಿಂಗೇಶ ಮನೆ ಮನೆಗೆ ಅಲೆದ, ಆಣೆ ಇಟ್ಟ, ಕಾಲಿಗೆ ಬಿದ್ದ. ಸಂಜೆ ನಾಲ್ಕರ ಹೊತ್ತಿಗೆ ಅಂತೂ ಎಲ್ಲ ವಾಪಸು ಬಂತು. ಜೊತೆಗೆ ಕೂದಲು, ಕಸಬರಿಗೆ ಕಡ್ಡಿ, ಒಂದಿಷ್ಟು ಅರಿಶಿನ. ಜರಡಿ ಹಿಡಿದು ಕೂತಿದ್ದಾಗ ಮೇಡಂ ಫೋನು ಬಂತು.

"ಸಿದ್ದಲಿಂಗೇಶ್, ಆರನೇ ಚೀಲ ಒಗದುಬಿಡ್ರಿ. ಡ್ರೈವರ್ ಹಾಲಸ್ವಾಮಿ ಬ್ಯಾರೆ ಗುಂಡಿಯಿಂದ ತುಂಬಿಕೊಂಡು ಬಂದಾನಂತ."

ಸಿದ್ದಲಿಂಗೇಶನಿಗೆ ಕುಣಿಯುವಷ್ಟು ಖುಷಿ. ಓಡಿಹೋಗಿ ಎದುರು ಮನೆಗೆ ಸುದ್ದಿ ಮುಟ್ಟಿಸಿದ.

"ಹಂಗಾರ ಕೆರದು ಕೆಡಿಸಿದ ನನ್ನ ಹೊಸ್ತಿಲ ನೀನ ಬಳಿ" ಎಂದಳು ಚೆನ್ನಬಸಮ್ಮ.

ಬಳಿದ. ಬಕೆಟ್ಟಿನಲ್ಲಿ ಅಷ್ಟೂ ಪುಡಿ ಕಲಸಿ ಅವಳದ್ದಷ್ಟೇ ಅಲ್ಲ, ಉಮೇದಿನಲ್ಲಿ ಪಾಲಯ್ಯನದು, ರೇಣುಕಾದೇವಿಯದು, ಮೂರೂ ಮನೆಯ ಹೊಸ್ತಿಲು ಬಳಿದ. ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಫೋನು.

"ಸಿದ್ದಲಿಂಗೇಶ್, ನಂದೇ ತಪ್ಪಾತು. ಒಗಿಬೇಕಾಗಿದ್ದು ಐದನೇ ಚೀಲ. ಆರನೇದು ಸರಿ ಅದ. ಗಣಿಯವರು ಈಗ ಅದನ್ನ ನೋಡ್ಲಿಕ್ಕೆ ಬರ್ತಾರ. ಇನ್ನೂ ಅದ ಹೌದಿಲ್ಲೋ?"

ಸಿದ್ದಲಿಂಗೇಶ ಸುತ್ತ ನೋಡಿದ. ಚೆನ್ನಬಸಮ್ಮ ಹೊಸ್ತಿಲ ಮೇಲೆ ರಂಗೋಲಿಯ ಮೊದಲ ಎಳೆ ಎಳೆಯುತ್ತಿದ್ದಳು.

"ಐತ್ರಿ ಮೇಡಂ" ಎಂದ. "ಆದ್ರ ಇನ್ನೂ ಒಣಗಿಲ್ರಿ."