ಊಟಿಗೆ ಹೋದ ಕೌದಿ

"ಈ ಸಲ ರೊಟ್ಟಿ ಬುತ್ತಿ ಇಲ್ಲ ಅಂದ್ರ ಇಲ್ಲ! ಊಟಿಗೆ ಹೋಗಿ ಮತ್ತ ಖಡಕ್ ರೊಟ್ಟಿ ಮುರಿಯೋದಾದ್ರ ಅಕ್ಕಿಆಲೂರಾಗ ಕುಂತ ಮುರಿಯಬಹುದು!"

ಬಟ್ಟೆ ಅಂಗಡಿಯ ಶಂಭುಲಿಂಗ ಹೀಗೆ ಗುಡುಗಿದಾಗ ಹೆಂಡತಿ ತನುಜಾ ಬ್ಯಾಗಿಗೆ ಸೀರೆ ಜೋಡಿಸುತ್ತಿದ್ದಳು. ಕಳೆದ ಸಲ ಮೈಸೂರಿನ ಹೋಟೆಲಿನಲ್ಲಿ, ಮಾಣಿಯ ಎದುರಿಗೇ ಆಕೆ ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ ಇವನ ಮಾನ ಕಳೆದದ್ದು ಮರೆಯುವ ಮಾತೇ?

"ನೀವ ಮೊದಲ ರೊಟ್ಟಿ ಕೇಳಿದ್ರ?"

"ನಾನು? ಕೇಳಿದ್ರ ಈ ದೀಪಾವಳಿ ತಡಸದಾಗ, ನಿಮ್ಮಪ್ಪನ ಮನ್ಯಾಗ! ಆತಿಲ್ಲೋ?"

ಇದೇನು ಸಣ್ಣ ಪಣವಲ್ಲ! ತಡಸದ ಮಾವ ತಾವು ಬೋರ್‌ವೆಲ್ ಹಾಕಿಸಿದ ಕಥೆ ಶುರುಮಾಡಿದರೆ, ನೀರು ಬೀಳುವಷ್ಟರಲ್ಲಿ ಕೇಳುವವನ ಜೀವ ಒಣಗುತ್ತಿತ್ತು. ಹಾಗಾಗಿ ಮದುವೆಯಾದಾಗಿನಿಂದ ಪ್ರತಿ ದೀಪಾವಳಿಗೂ ಶಂಭುಲಿಂಗನಿಗೆ ಅಂಗಡಿಯಲ್ಲಿ ಭಾರೀ ಕೆಲಸ ಬೀಳುತ್ತಿತ್ತು. ಪಾಪ, ತನುಜಾ ಒಬ್ಬಳೇ ತವರಿಗೆ ಹೋಗಿಬರುತ್ತಿದ್ದಳು.

ಹೊರಡುವ ದಿನ ಅವನು ಪೊಲೀಸರ ಹಾಗೆ ಬ್ಯಾಗುಗಳನ್ನೆಲ್ಲ ಜಾಲಾಡಿದ. ರೊಟ್ಟಿಯ ಸುಳಿವಿಲ್ಲ! ಮೀಸೆ ತಿರುವಿ, ಥಂಡಿಗೆಂದು ಹೆಂಡತಿ ಕಟ್ಟಿಟ್ಟಿದ್ದ ಕೌದಿಯ ಗಂಟನ್ನು ತಾನೇ ಹೆಗಲಿಗೇರಿಸಿದ. ಬಸ್ಸಿನಲ್ಲಿ ಅದಕ್ಕೇ ತಲೆಯಿಟ್ಟರೆ ಕರಂ ಕುರುಂ ಸದ್ದು.

"ಏನದು?"

"ಬಸ್ ಹಳೇದೈತ್ರಿ, ಮಲ್ಕೋರಿ."

ಊಟಿಯಲ್ಲಿ ಮೊದಲ ಇಡ್ಲಿ ಸಾಂಬಾರಿಗೆ "ವ್ಹಾ!" ಎಂದ. ಮಧ್ಯಾಹ್ನ ಅನ್ನದ ಮೇಲೆ ಅದೇ ಸಾಂಬಾರು. ಸಂಜೆ ವಡೆಯ ಪಕ್ಕ ಅದೇ. ಮರುದಿನ ದೋಸೆಯ ಜೊತೆಗೂ ಬಂದು ಹಲ್ಲು ಕಿಸಿಯಿತು! ದೊಡ್ಡಬೆಟ್ಟ ಹತ್ತುವ ಹೊತ್ತಿಗೆ ಶಂಭುಲಿಂಗನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಆದರೂ ಹೆಂಡತಿಯ ಮುಂದೆ ಬಾಯಿ ಬಿಡಲಿಲ್ಲ. ಆಕೆಯನ್ನೂ, ಬೆಟ್ಟದ ಥಂಡಿಗೆಂದು ಆಕೆ ಹೊರಿಸಿ ತಂದಿದ್ದ ಕೌದಿಯ ಗಂಟನ್ನೂ ಒಂದು ಕಟ್ಟೆಯ ಮೇಲೆ ಕೂರಿಸಿ, ದೃಶ್ಯ ನೋಡಲು ಹೋದ. ಎಲ್ಲಿಯ ದೃಶ್ಯ! ಮಂಜಿನಲ್ಲಿ ತನ್ನ ಕೈ ತನಗೇ ಕಾಣದು. ವಾಪಸು ಬರುವಾಗ ದಾರಿ ತಪ್ಪಿತು.

ಆದರೆ ಮೂಗು ತಪ್ಪಲಿಲ್ಲ. ಶೇಂಗಾ ಚಟ್ನಿ! ಬಳ್ಳೊಳ್ಳಿ ಹಾಕಿ ಕುಟ್ಟಿದ್ದು! ಜೊತೆಗೆ ಕಟಕ್ ಎಂದು ರೊಟ್ಟಿ ಮುರಿದ ಸದ್ದು!

ಮಂಜಿನೊಳಗೆ ಶಾಲು ಹೊದ್ದ ಎರಡು ಬೆನ್ನು. "ನಮ್ಮ ಹುಲಗೂರಾಗೂ ಹಿಂಗ ಕುಟ್ತೇವ್ರಿ" ಎನ್ನುತ್ತಿತ್ತು ಒಂದು ಬೆನ್ನು. ಆಹಾ, ನಮ್ಮ ಕಡೆಯವರು! ಶಂಭುಲಿಂಗನ ಕಣ್ಣಲ್ಲಿ ನೀರೇ ಬಂತು.

"ಅಕ್ಕಾರ, ಒಂದ ತುಣುಕ ರೊಟ್ಟಿ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ! ನನ್ನ ಹೆಂಡ್ತಿಗೆ ಮಾತ್ರ ಹೇಳಬ್ಯಾಡ್ರಿ!"

ಆ ಬೆನ್ನಿನ ಒಡತಿ, ಹುಲಗೂರಿನಿಂದ ಪ್ರವಾಸ ಬಂದಿದ್ದ ತಸ್ಲೀಮಾ ತಿರುಗಿ, ನಗು ತಡೆಯಲಾರದೆ ಹೇಳಿದಳು: "ನಾ ಯಾಕ ಹೇಳ್ಲಿರಿ ಅಣ್ಣಾರ? ಅವರ ಕಿವಿ ಇಲ್ಲೇ ಅದಾವಲ್ಲ!"

ಇನ್ನೊಂದು ಬೆನ್ನೂ ತಿರುಗಿತು. ತನುಜಾ! ತೊಡೆಯ ಮೇಲೆ ಬಿಚ್ಚಿದ ಕೌದಿ. ಅದರ ಮಡಿಕೆಗಳ ತುಂಬ, ಊರಿನಿಂದ ಇಲ್ಲಿಯವರೆಗೆ ಅವನೇ ಹೊತ್ತು ತಂದ ರೊಟ್ಟಿ!

"ಇಡೀವು ಉಳಿದಿಲ್ರಿ. ನೀವ ತಲಿ ಇಟ್ಟು ಮಲಗಿ ಚೂರು ಮಾಡೀರಿ" ಎನ್ನುತ್ತ ಚೂರುಗಳ ಮೇಲೆ ಚಟ್ನಿ ಉದುರಿಸಿ ಕೊಟ್ಟಳು. "ಮತ್ತ, ದೀಪಾವಳಿ?"

ಶಂಭುಲಿಂಗ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಶರಣಾದ.

"ನಿಮ್ಮಪ್ಪಗ ಫೋನ್ ಹಚ್ಚು. ಬೋರ್‌ವೆಲ್ ಕಥಿ ಬುಡದಿಂದ ಕೇಳ್ತೇನಿ ಅಂತ ಹೇಳು. ಆದ್ರ ರೊಟ್ಟಿ ಬಿಸೀವು ಇರ್ಲಿ!"