ಮಾಮಾ ಕಟ್ಟಿಸಿದ ಕೋರ್ಟು

ನಮ್ಮ ಮಾಮಾ ಮನೆ ಕಟ್ಟಿಸಲಿಲ್ಲ, ಕೋರ್ಟು ಕಟ್ಟಿಸಿದರು. ಅದೂ ಶಿರಗುಪ್ಪಿಯಲ್ಲಿ, ಕಬ್ಬಿನ ಹೊಲದ ನಡುವೆ!

ಎಂಬತ್ತರ ದಶಕದಲ್ಲಿ ಹೊಲದ ಗಡಿಯ ಬಾಂದಿನ ವಿಷಯಕ್ಕೆ ಪಕ್ಕದ ಹೊಲದವರ ಮೇಲೆ ದಾವೆ ಹೂಡಿ, ಅವರು ವರ್ಷಗಟ್ಟಲೆ ಅಥಣಿಯ ಕೋರ್ಟಿಗೆ ಅಲೆದರು. ಉಳಿದ ಕಕ್ಷಿದಾರರು ನ್ಯಾಯಾಧೀಶರ ಮುಖ ನೋಡಿದರೆ ಮಾಮಾ ತಲೆಯ ಮೇಲಿನ ಮಾಡು ನೋಡುತ್ತಿದ್ದರು. ಬ್ರಿಟಿಷರ ಕಾಲದ ಕಟ್ಟಡ. ಕರಿಕಲ್ಲಿನ ಕಮಾನುಗಳು, ಸುತ್ತಲೂ ಪಡಸಾಲೆ, ಗೋಡೆಯ ತುದಿಯಲ್ಲಿ ಗಾಳಿಕಿಂಡಿ. ಈ ಭಾಗ ಮುಂಬೈ ಪ್ರಾಂತದಲ್ಲಿದ್ದಾಗ ಆಳೊಬ್ಬ ಹೊರಗೆ ಕೂತು, ಮಾಡಿಗೆ ತೂಗುಬಿಟ್ಟ ಬಟ್ಟೆಯ ಪಂಖಾದ ಹಗ್ಗ ಎಳೆದು ಸಾಹೇಬರಿಗೆ ಗಾಳಿ ಬೀಸುತ್ತಿದ್ದನಂತೆ. ಆ ಪಂಖಾದ ಕೊಂಡಿಗಳು ಸಾಗವಾನಿ ತೊಲೆಯಲ್ಲಿ ಇನ್ನೂ ಇದ್ದವು. ಒಮ್ಮೆ ಮಾಮಾ ಕಟಕಟೆಯಲ್ಲಿ ನಿಂತಾಗ ನ್ಯಾಯಾಧೀಶರು ಕೇಳಿದರು, "ಮೇಲೆ ಏನು ನೋಡುತ್ತಿದ್ದೀರಿ?"

"ತೊಲಿ ನೋಡಾಕತ್ತಿದ್ನಿರಿ ಸಾಹೇಬ್ರ. ಇಷ್ಟು ವರ್ಷ ಆದ್ರೂ ಎಲ್ಲೂ ಬಾಗಿಲ್ಲರಿ."

ಅವರ ವಕೀಲರು ತಲೆಯ ಮೇಲೆ ಕೈ ಹೊತ್ತು ಕೂತರು.

ಕಡೆಗೆ ದಾವೆ ಸೋತರು. ಮರುವಾರವೇ ಮಾಮಾ ಗೌಂಡಿಯನ್ನು ಕರೆದುಕೊಂಡು ಅದೇ ಕೋರ್ಟಿಗೆ ಹೋಗಿ ಹಗ್ಗ ಹಿಡಿದು ಕಮಾನು ಅಳೆಯತೊಡಗಿದರು. ಪೊಲೀಸಪ್ಪ ಬಂದು ಯಾವ ದಾವೆ ಎಂದು ವಿಚಾರಿಸಿದ.

"ದಾವಾ ಮುಗದೈತ್ರಿ. ಅಳತಿ ಅಷ್ಟ ಉಳದೈತಿ."

ಮನೆ ಎದ್ದಿತು. ಅದೇ ಕಮಾನು, ಅದೇ ಪಡಸಾಲೆ, ಕತ್ತು ನೋಯುವಷ್ಟು ಎತ್ತರದ ಮಾಡು. ಬಂದ ಬೀಗರು ಒಳಗೆ ಕಾಲಿಟ್ಟೊಡನೆ ಪಿಸುಮಾತಿಗೆ ಇಳಿಯುತ್ತಿದ್ದರು. "ಒಲಿ ಮುಂದ ಕುಂತ್ರೂ ಆರೋಪಿ ಆದಂಗ ಅನಸ್ತೈತಿ" ಎಂದು ಮಾಮಿ ನಗುತ್ತಿದ್ದರು. ವಾಸ್ತುಶಾಂತಿಯ ಊಟಕ್ಕೆ ಬಂದ ಪಕ್ಕದ ಹೊಲದವರು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು.

"ದಾವಾ ನಾ ಗೆದ್ನಿ. ಕೋರ್ಟ್ ಇಂವಾ ಒಯ್ದಾ."

ತೊಂಬತ್ತರ ದಶಕದ ಒಂದು ಬೇಸಿಗೆ ನಾನು ಅಲ್ಲಿಗೆ ಹೋಗಿದ್ದೆ. ಊಟವಾಗಿ ಮಾಮಿ ಒಳಗೆ ನಡುಮನೆಯಲ್ಲಿ ಮಲಗಿದ್ದರು. ಪಡಸಾಲೆಯಲ್ಲಿ ಕೂತು ಕೇಳಿದೆ, "ಮಾಮಾ, ಇಷ್ಟು ಎತ್ತರ ಯಾಕ ಕಟ್ಟಿಸಿದಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹಳೀ ಮನ್ಯಾಗ ಮಾಡು ತೆಳಗ, ಬರೇ ಹೊಗಿ. ನಿಮ್ಮ ಮಾಮಿಗೆ ದಮ್ಮು. ಮಲಗಿದ್ರ ಉಸರ ಸಿಗತಿದ್ದಿಲ್ಲ, ಗ್ವಾಡಿಗೆ ಆತು ಕುಂತಿರತಿದ್ಲು. ಒಂದಿನ ಸಾಕ್ಷಿ ಹೇಳಾಕ ಅಥಣಿಗೆ ಕರಕೊಂಡ ಹೋಗಿದ್ನಿ. ಪಡಸಾಲಿ ಬೆಂಚಿನ ಮ್ಯಾಲ ಕುಂತಾಕಿಗೆ ಅಲ್ಲೇ ನಿದ್ದಿ ಹತ್ತಿತು. ಎಷ್ಟ ಸಣ್ಣಗ ಉಸರಾಡಾಕತ್ತಿದ್ಲಂತಿ! ಒಳಗಿಂದ ಆಕಿ ಹೆಸರು ಕೂಗಿದ್ರು. ಮತ್ತ ಕೂಗಿದ್ರು."

"ಆಮ್ಯಾಲ?"

"ನಾ ಎಬ್ಬಸಲಿಲ್ಲ."

ಒಳಗೆ ಮಾಮಿ ಮಗ್ಗುಲು ಬದಲಿಸಿದರು. ಮಾಮಾ ಮಾತು ನಿಲ್ಲಿಸಿ, ಆಕೆಯ ಉಸಿರು ಮತ್ತೆ ನಿದ್ದೆಯ ಲಯಕ್ಕೆ ಬರುವವರೆಗೂ ಕಿವಿಗೊಟ್ಟು ಕೂತರು.